ರೇಡಿಯೇಟರಿಗೆ ರಾಗಿ ಹಿಟ್ಟು

ಗಂಗಾಧರಸ್ವಾಮಿಯ ಕಾರು ಬೆಳಗ್ಗೆ ಎದ್ದ ಕೂಡಲೇ ಒಂದು ಬಿಂದಿಗೆ ನೀರು ಕುಡಿಯುತ್ತಿತ್ತು. ಅವನ ಕಾಫಿ ಏನಿದ್ದರೂ ಅದರ ಆಮೇಲೆ. ಪಂಚೆ ಮೇಲೆತ್ತಿ ಕಟ್ಟಿ, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿ ಅವನು ನೀರು ಹೊಯ್ಯುವುದನ್ನು ಹೆಂಡತಿ ಸರ್ವಮಂಗಳಾ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಮ್ಮೆ ಕಟ್ಟಿದ್ರೆ ಇಷ್ಟೇ ನೀರು ಕುಡ್ಕೊಂಡು ಹಾಲಾದ್ರೂ ಕೊಡ್ತಿತ್ತು," ಎಂದಳು ಆವತ್ತೂ.

ಹುಲ್ಲಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಗಂಗಾಧರಸ್ವಾಮಿಗೆ ಈ ಬೂದಿ ಬಣ್ಣದ ಹಳೇ ಅಂಬಾಸಿಡರ್ ಬಂದಾಗಿನಿಂದ ಊರಿನಲ್ಲಿ ಒಂದು ತೂಕ ಬಂದಿತ್ತು. ನೀರು ಕುಡಿಯುವ ಚಾಳಿ ಶುರುವಾದ ಮೇಲೆ ಆ ತೂಕ ಇಳಿಯುತ್ತಾ ಬಂತು. ಕಾರು ನಂಜನಗೂಡಿನ ದಾರಿಯಲ್ಲಿ ಅರ್ಧಕ್ಕೆ ಹೋಗುವಷ್ಟರಲ್ಲಿ ಬುಸ್ಸೆಂದು ಹೊಗೆ ಬಿಟ್ಟು ನಿಲ್ಲುತ್ತಿತ್ತು. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ, "ಏನ್ ಸ್ವಾಮಿ, ಅನ್ನ ಆಯ್ತಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು.

ಅದನ್ನೆಲ್ಲ ಅವನು ಸಹಿಸಿಕೊಂಡಿದ್ದ. ಸಹಿಸಲಾಗದ್ದು ನಡೆದದ್ದು ಹೋದ ತಿಂಗಳು. ಮಗಳು ಮಧುಶ್ರೀಯನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬಂದಿದ್ದರು. ನಂಜನಗೂಡು ಸ್ಟೇಷನ್ನಿನಿಂದ ಅವರನ್ನು ಕರೆತರುವಾಗ ಕಾರು ಕಾಲುವೆ ಏರಿಯ ಮೇಲೆ ಕುದಿದು ನಿಂತಿತು. ಗಂಡಿನ ತಾಯಿ ರೇಷ್ಮೆ ಸೀರೆಯಲ್ಲಿ ಹೊಂಗೆ ಮರದಡಿ ಕೂತರು. ಗಂಡು ಹೊಸ ಪ್ಯಾಂಟು ಮಡಿಚಿಕೊಂಡು ಕಾಲುವೆಗೆ ಇಳಿದು, ನೀರು ತುಂಬಿಕೊಳ್ಳುವಾಗ ಜಾರಿ, ಸೊಂಟದ ತನಕ ಕೆಸರಾಗಿ ಮೇಲೆ ಬಂದ. ಉಪ್ಪಿಟ್ಟು ತಿಂದು ಹೋದವರು ವಾರದೊಳಗೆ ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳಿಸಿದರು.

ಈಗ ಸರ್ವಮಂಗಳಳ ಅಕ್ಕ ಮಂಗಳಮ್ಮ ಇನ್ನೊಂದು ಸಂಬಂಧ ತಂದಿದ್ದಳು. ಹುಡುಗ ಮೈಸೂರಿನಲ್ಲಿ ಬ್ಯಾಂಕು ಕೆಲಸದಲ್ಲಿದ್ದ. ಮಧುಶ್ರೀ ಅವನ ಫೋಟೋ ನೋಡಿ ಏನೂ ಹೇಳಿರಲಿಲ್ಲ, ಆದರೆ ಫೋಟೋ ವಾಪಸ್ಸು ಕೊಟ್ಟೂ ಇರಲಿಲ್ಲ. ನಾಡಿದ್ದು ಭಾನುವಾರ ಬೆಳಗಿನ ರೈಲಿಗೆ ಅವರು ನಂಜನಗೂಡಿಗೆ ಬರುವುದಿತ್ತು. ಹೆಣ್ಣಿನ ಅಪ್ಪನಿಗೆ ಸ್ವಂತ ಗಾಡಿ ಇದೆ, ಸ್ಟೇಷನ್ನಿಗೇ ಬರುತ್ತೆ ಎಂದು ಮಂಗಳಮ್ಮ ಮೊದಲೇ ಕೊಚ್ಚಿಕೊಂಡಿದ್ದಳು. ಬಾಡಿಗೆ ಕಾರು ತಂದರೆ ಮಾನ ಹೋಗುತ್ತಿತ್ತು, ಸ್ವಂತ ಕಾರು ತಂದರೆ ಸಂಬಂಧ ಹೋಗುತ್ತಿತ್ತು.

"ಅಪ್ಪಾಜಿ, ಈ ಸಲ ಅವರ ಕೈಲಿ ನೀರು ಹೊರಿಸ್ಬೇಡಿ," ಎಂದಳು ಮಧುಶ್ರೀ ಕಾಫಿ ಲೋಟ ಕೊಡುತ್ತಾ. ಅವಳು ನಗುತ್ತಲೇ ಹೇಳಿದ್ದು. ಗಂಗಾಧರಸ್ವಾಮಿ ಮಾತ್ರ ಲೋಟ ಹಾಗೇ ಜಗಲಿಯ ಮೇಲಿಟ್ಟು ಮತ್ತೆ ಬಾನೆಟ್ಟಿನ ಕಡೆ ಹೋದ.

ಅಷ್ಟರಲ್ಲಿ ಎದುರು ಮನೆಯ ಮರಿಯಯ್ಯ ಬಂದ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಊರಿನಲ್ಲಿ ಯಾವ ಗಾಡಿಯ ಬಾನೆಟ್ ಎದ್ದರೂ ಅದರೊಳಗೆ ಮೊದಲು ಇಣುಕುವ ತಲೆ ಅವನದೇ. ಅವನ ಹಿಂದೆಯೇ ಪಕ್ಕದ ಮನೆಯ ಶಿವರಾಜು ಮೇಷ್ಟ್ರು ಶಾಲೆಗೆ ಹೊರಟವರು ಶುಭ್ರ ಬಿಳಿ ಪಂಚೆಯಲ್ಲಿ ಬಂದು ನಿಂತರು.

"ರಾತ್ರಿ ಕಾರಿನಡೀಕೆ ರಟ್ಟು ಆಸಿ ಅಂದಿದ್ನಲ್ಲ ಸ್ವಾಮ್ಯೋರೆ, ಆಸಿದ್ರಾ?" ಎಂದ ಮರಿಯಯ್ಯ.

"ಹಾಸಿದ್ದೆ. ನೋಡು, ಒಂದು ತೊಟ್ಟು ಬಿದ್ದಿಲ್ಲ."

"ಅಂಗಾರೆ ನಿಂತಿದ್ದಾಗ ನೀರು ಕೆಳೀಕೆ ಓಯ್ತಿಲ್ಲ. ಓಡ್ವಾಗ ಓಯ್ತದೆ. ಮ್ಯಾಕೆ ಓಯ್ತದೋ ಒಳೀಕೆ ಓಯ್ತದೋ, ಅದ ನೋಡ್ಬೇಕು."

"ಒಳಗೇ ಹೋಗ್ತಿದೆ," ಎಂದರು ಮೇಷ್ಟ್ರು. ಅವರು ವಿಜ್ಞಾನ ಹೇಳುವವರು. "ಹೆಡ್ ಗ್ಯಾಸ್ಕೆಟ್ ಹೋದ್ರೆ ನೀರು ಎಂಜಿನ್ನಿಗೆ ಸೇರುತ್ತೆ. ಆಯಿಲ್ ಕಡ್ಡಿ ಎಳೀರಿ. ಆಯಿಲ್ಲು ಹಾಲು ಹಾಕಿದ ಕಾಫಿ ಹಾಗಿದ್ರೆ ಕತೆ ಮುಗೀತು ಅಂತ ತಿಳ್ಕೊಳ್ಳಿ."

ಗಂಗಾಧರಸ್ವಾಮಿ ಮನಸ್ಸಿನಲ್ಲೇ ನಂಜುಂಡೇಶ್ವರನನ್ನು ನೆನೆದು ಕಡ್ಡಿ ಎಳೆದ. ಆಯಿಲ್ಲು ಕಾಡಿಗೆಯ ಹಾಗೆ ಕಪ್ಪಗಿತ್ತು. ಹಾಲಿನ ಸುಳಿವಿರಲಿಲ್ಲ. ಮೇಷ್ಟ್ರು ಒಪ್ಪಲಿಲ್ಲ. ನೀರು ಎಂಜಿನ್ನಿನಲ್ಲಿ ಉರಿದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರಬೇಕು, ಎಂಜಿನ್ ಹಾಕಿ ಎಂದು ಕಾರಿನ ಹಿಂದೆ ಹೋಗಿ ಬಗ್ಗಿದರು. ಗಂಗಾಧರಸ್ವಾಮಿ ಎಂಜಿನ್ ಹಾಕಿ ಆಕ್ಸಿಲರೇಟರ್ ತುಳಿದ. ಹೊಗೆ ಬಿಳಿಯಲ್ಲ ಎಂಬುದು ಮೇಷ್ಟ್ರ ಪಂಚೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮೂಡಿತು. ಅವರು ಪಂಚೆ ಬದಲಿಸಲು ಮನೆಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಆಮೇಲೆ ಮರಿಯಯ್ಯ ರೇಡಿಯೇಟರಿನ ಮುಚ್ಚಳ ಹಿಡಿದು ಒಳಗಿನ ರಬ್ಬರ್ ಬಳೆ ಮುಟ್ಟಿ ನೋಡಿದ. ಅದು ಒಣಗಿದ ಹಪ್ಪಳದ ಹಾಗೆ ಪುಡಿಪುಡಿಯಾಯಿತು. "ಕಾಯಿಲೆ ಸಿಕ್ತು ಬುಡಿ, ಆವಿಯೆಲ್ಲ ಇಲ್ಲೇ ಓಯ್ತಾ ಅದೆ," ಎಂದು ಸೈಕಲ್ ಟ್ಯೂಬು ಕತ್ತರಿಸಿ ಹೊಸ ಬಳೆ ಮಾಡಿ ಹಾಕಿದ. ಇಬ್ಬರೂ ಖುಷಿಯಾಗಿ ಊರಿನಲ್ಲಿ ಒಂದು ಸುತ್ತು ಹೊಡೆದರು. ಬಸ್ ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಕಾರು ಮೊದಲಿಗಿಂತ ಜೋರಾಗಿ ಬುಸ್ಸೆಂದಿತು. ಅಲ್ಲೇ ಇದ್ದ ಮಾದೇಶನ ಮೆಕ್ಯಾನಿಕ್ ಶೆಡ್ಡಿಗೆ ತಳ್ಳಿಕೊಂಡು ಹೋದರು.

ಮಾದೇಶ ಅದನ್ನು ಆರಲು ಬಿಟ್ಟು, ನೀರು ತುಂಬಿ, ಮತ್ತೆ ಎಂಜಿನ್ ಹಾಕಿ ಬಿಸಿಯಾಗುವ ತನಕ ಬೀಡಿ ಸೇದುತ್ತಾ ಕೂತ. ಆಮೇಲೆ ಫ್ಯಾನಿನ ಹಿಂದೆ ಟಾರ್ಚು ಬಿಟ್ಟ. ರೇಡಿಯೇಟರಿನ ಜಾಲರಿಯಿಂದ ಸೂಜಿಯಷ್ಟು ಸಣ್ಣ ಚಿಲುಮೆ ಹಾರಿ, ಫ್ಯಾನಿನ ಗಾಳಿಗೆ ಕಾದ ಎಂಜಿನ್ನಿನ ಮೇಲೆ ಬಿದ್ದು ಅಲ್ಲೇ ಚುಯ್ ಎಂದು ಆರಿಹೋಗುತ್ತಿತ್ತು.

"ಕಾಣ್ತಾ ಸಾ? ತೂತು ಬಿದ್ದದೆ. ಬಿಸಿಯಾದಾಗ ಮಾತ್ರ ಬಾಯ್ ಬುಡ್ತದೆ. ಅದ್ಕೇ ನಿಮ್ ರಟ್ಟು ಒಣಗಿರದು. ಮೊದ್ಲು ಮುಚ್ಚಳ ಲೂಸ್ ಇತ್ತು, ವಸಿ ಒತ್ತಡ ಅಲ್ಲೋಯ್ತಿತ್ತು. ಈಗ ಮುಚ್ಚಳ ಬಿಗಿ ಮಾಡಿ ಇದ್ರ ಬಾಯಿ ಅಗಲ ಮಾಡಿದೀರ."

ಮರಿಯಯ್ಯ ರಸ್ತೆಯ ಕಡೆ ನೋಡತೊಡಗಿದ.

"ಭಾನುವಾರದೊಳಗೆ ಆಗ್ಬೇಕಲ್ಲ ಮಾದೇಶ," ಎಂದ ಗಂಗಾಧರಸ್ವಾಮಿ.

"ಬಿಚ್ಚಿ ಮೈಸೂರಿಗೆ ಕಳಿಸಿ ಬೆಸುಗೆ ಹಾಕಿಸ್ಬೇಕು ಸಾ. ಬೆಸುಗೆಯವ್ನು ಮಂಗಳವಾರಕ್ಕೆ ಸಿಕ್ತಾನೆ."

ಮಂಗಳವಾರ ಎಂಬುದನ್ನು ಕೇಳಿ ಗಂಗಾಧರಸ್ವಾಮಿಗೆ ಅಳುವೇ ಬಂದ ಹಾಗಾಯಿತು. ಕಾಲುವೆ ಏರಿ, ಹೊಂಗೆ ಮರ, ಮಗಳು ಇಟ್ಟುಕೊಂಡ ಫೋಟೋ ಎಲ್ಲ ಕಣ್ಮುಂದೆ ಬಂದವು. ಆಗ ಮರಿಯಯ್ಯ ಅವನ ತೋಳು ಹಿಡಿದು ಆಚೆ ಕರೆದುಕೊಂಡು ಹೋದ.

"ಸ್ವಾಮ್ಯೋರೆ, ಡ್ರೈವರ್‌ಗಳ ಔಸ್ತಿ ಒಂದದೆ. ಕೋಳಿಮೊಟ್ಟೆ ಒಡ್ದು ಬಿಳಿಭಾಗ ರೇಡಿಯೇಟ್ರಿಗೆ ಬುಟ್ರೆ, ಬಿಸಿಗೆ ಬೆಂದು ತೂತಲ್ಲಿ ಕೂತ್ಕತದೆ."

"ಶಿವಶಿವಾ. ಏನು ಮಾತಾಡ್ತೀಯೋ. ಇದು ನಾನು ಮಠಕ್ಕೆ ಹೋಗೋ ಗಾಡಿ ಕಣಯ್ಯ."

"ರೇಡಿಯೇಟ್ರೇನು ಸ್ನಾನ ಪೂಜೆ ಮಾಡ್ತದಾ?"

"ಅದು ಮಾಡದೇ ಇರ್ಬೋದು. ನಾನು ಮಾಡ್ತೀನಿ. ಮೊಟ್ಟೆ ಹಾಕಿದ ಗಾಡಿಗೆ ನಾನು ಕಾಲಿಡಲ್ಲ, ನಮ್ಮ ಬೀಗರನ್ನೂ ಕೂರಿಸಲ್ಲ."

"ಅಂಗಾರೆ ರಾಗಿ ಹಿಟ್ಟು, ಅರಿಶಿನ. ಎರ್ಡೂ ಸೇರುಸ್ಬೇಕು. ಆದ್ರೆ ಇದು ಇವತ್ತಿಂದು ಇವತ್ತಿಗೆ. ಭಾನುವಾರದ ಗಂಟ ಇರ್ತದೆ ಅಂತ ನಾನೇಳಕ್ಕಿಲ್ಲ." ಮರಿಯಯ್ಯ ದನಿ ತಗ್ಗಿಸಿದ. "ನರಸೀಪುರದಲ್ಲಿ ಒಬ್ರು ಆಲೆಮನೆ ಮಡಗವ್ರೆ. ಜೀಪು ಕೊಟ್ಟು ಬದ್ಲಿಗೆ ಕಾರು ತಗಳಕ್ಕೆ ನೋಡ್ತಾವ್ರೆ. ಜೀಪು ಅಂದ್ರೆ ಅಂತಿಂತದ್ದಲ್ಲ. ಇವತ್ತೇ ಓಗಿ ಅದ್ಲುಬದ್ಲು ಮಾಡ್ಕಂಡು ಬಂದ್ಬುಡಾನ."

ಗಂಗಾಧರಸ್ವಾಮಿ ಮೋಸಗಾರನಲ್ಲ. ಅವನ ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಲ್ಲುತ್ತಿತ್ತು. ಆದರೆ ಹೆಣ್ಣು ಹೆತ್ತವನ ಕಷ್ಟ ತಕ್ಕಡಿಗೆ ತಿಳಿಯುವಂಥದ್ದಲ್ಲ. ಮನೆಗೆ ಹೋಗಿ, ಸರ್ವಮಂಗಳಾ ಪೂಜೆಗೆ ಕೂತದ್ದನ್ನು ನೋಡಿಕೊಂಡು ಅಡುಗೆಮನೆಗೆ ನುಗ್ಗಿದ. ಡಬ್ಬಿಯ ರಾಗಿ ಹಿಟ್ಟನ್ನು ಪಾತ್ರೆಗೆ ಸುರಿದುಕೊಂಡ. ಅರಿಶಿನ ಹುಡುಕಿದಾಗ ಕಪಾಟಿನ ಮೇಲೆ ಹೊಸ ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು ಸಿಕ್ಕಿತು. ಶಾಸ್ತ್ರಕ್ಕೆಂದು ಸರ್ವಮಂಗಳಾ ಕೊಂಬು ತರಿಸಿ, ಮಡಿಯಲ್ಲಿ ಕುಟ್ಟಿ, ಜರಡಿ ಹಿಡಿದಿಟ್ಟಿದ್ದ ಅರಿಶಿನ ಅದು. ಅವನು ಗಂಟನ್ನೇ ಎತ್ತಿಕೊಂಡು ಶೆಡ್ಡಿಗೆ ಬಂದ.

ಮರಿಯಯ್ಯ ಎರಡನ್ನೂ ಬಿಸಿ ನೀರಿಗೆ ಹಾಕಿ, ಗಂಟಾಗದ ಹಾಗೆ ಕಲಸಿ, ರೇಡಿಯೇಟರಿಗೆ ಹೊಯ್ದ. ಎಂಜಿನ್ ಹಾಕಿ ಸ್ವಲ್ಪ ಹೊತ್ತಿನಲ್ಲಿ ಬಾನೆಟ್ಟಿನಿಂದ ಅಂಬಲಿ ಕಾಯಿಸಿದ ವಾಸನೆ ಬಂತು. ಟಾರ್ಚು ಬಿಟ್ಟು ನೋಡಿದರೆ ಚಿಲುಮೆ ನಿಂತಿತ್ತು.

ಇಬ್ಬರೂ ಹೊರಟರು. ಕಾಲುವೆ ಏರಿ ದಾಟಿತು, ಕಾರು ಕುದಿಯಲಿಲ್ಲ. ನಂಜನಗೂಡು ಬಂತು, ಕುದಿಯಲಿಲ್ಲ. ಕಪಿಲೆಯ ಸೇತುವೆ ದಾಟುವಾಗ ಗಂಗಾಧರಸ್ವಾಮಿಗೆ ಆಸೆ ಹುಟ್ಟಿತು. ಇಷ್ಟು ಚೆನ್ನಾಗಿ ಓಡುವ ಕಾರನ್ನು ಯಾಕೆ ಕೊಡಬೇಕು, ಹಿಂದಕ್ಕೆ ತಿರುಗಿಸಿಬಿಡಲೇ ಎಂದು ಯೋಚಿಸುತ್ತಲೇ ಸುತ್ತೂರಿನ ಕಡೆ ಬಂದ. ಅಲ್ಲಿಂದ ಮುಂದೆ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇಳತೊಡಗಿತು.

"ಇದ್ಯಾಕಯ್ಯ, ನೀರು ಸೋರ್ತಿಲ್ಲವಲ್ಲ?"

"ಸೋರ್ತಿಲ್ಲ ಸ್ವಾಮ್ಯೋರೆ. ಆದ್ರೆ ಅಂಬ್ಲಿ ಗಟ್ಟಿಯಾಯ್ತಾ ಬಂದು ಸಣ್ ಸಣ್ ಕೊಳವೆಗಳೂ ಕಟ್ಕತಾ ಅವೆ. ನೀರು ಸುತ್ತಾಡಕ್ಕೆ ಜಾಗ ಇಲ್ಲ. ಮೆತ್ತಗೆ ಓಡ್ಸಿ, ಬೇಗ ಕೊಟ್ಬುಡಾನ. ಇನ್ನೊಂದ್ ಮಾತು, ಉಲ್ಲಳ್ಳಿ ಅಂತ ಏಳ್ಬೇಡಿ. ಉಲ್ಲಳ್ಳಿ ಕಾರು ಅಂದ್ರೆ ಈ ಕಡೆ ಬಸ್ಸಿನೋರಿಗೆಲ್ಲ ಗೊತ್ತದೆ."

ಆಲೆಮನೆಯ ಯಜಮಾನ ಸಿದ್ದಮಲ್ಲಪ್ಪನವರು ಹಣೆ ತುಂಬ ವಿಭೂತಿ ಧರಿಸಿದ, ನಗುಮುಖದ ಹಿರಿಯರು. ಕೂರಿಸಿ ಕಬ್ಬಿನ ಹಾಲು ಕೊಡಿಸಿದರು.

"ಯಾವೂರಾಯ್ತು ತಮ್ದು?"

"ನಂಜನಗೂಡು... ಆ ಕಡೆ," ಎಂದ ಗಂಗಾಧರಸ್ವಾಮಿ.

"ಒಳ್ಳೇದು. ನಮಗೂ ಆ ಕಡೆ ಓಡಾಟ ಇದೆ," ಎಂದರು ಅವರು. ಹೆಚ್ಚು ಕೇಳಲಿಲ್ಲ. ಅವರೂ ಯಾಕೋ ಆತುರದಲ್ಲಿದ್ದ ಹಾಗಿತ್ತು.

ಜೀಪು ಮರದಡಿ ನಿಂತಿತ್ತು. ಹಸಿರು ಬಣ್ಣ, ಮೇಲೆ ಹೊಸ ಟಾರ್ಪಾಲಿನ ಹುಡ್ಡು. ಅದರ ಡ್ರೈವರು ಚಕ್ರ ಒರೆಸುತ್ತಿದ್ದವನು ಮರಿಯಯ್ಯನನ್ನು ನೋಡಿ ಹಲ್ಲು ಬಿಟ್ಟ. ಗಂಗಾಧರಸ್ವಾಮಿ ಜೀಪನ್ನೂ ಸಿದ್ದಮಲ್ಲಪ್ಪನವರು ಕಾರನ್ನೂ ಹತ್ತಿ ಊರಾಚೆ ತನಕ ಹೋಗಿ ಬಂದರು. ಇನ್ನೂ ಸ್ವಲ್ಪ ದೂರ ಓಡಿಸಿ ನೋಡೋಣವೇ ಎಂದು ಇಬ್ಬರೂ ಬಾಯಿಮಾತಿಗೆ ಅಂದರು, ಬೇಡ ಸಾಕು ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಗಂಗಾಧರಸ್ವಾಮಿ ಜೀಪಿನ ಬಾನೆಟ್ಟಿಗೆ ಕೈ ಹಾಕಿದಾಗ, "ಬಿಸಿ ಇದೆ, ಕೈ ಸುಟ್ಟೀತು ಸ್ವಾಮಿ," ಎಂದು ಸಿದ್ದಮಲ್ಲಪ್ಪನವರು ತಡೆದರು. ಅವರು ಕಾರಿನ ಬಾನೆಟ್ಟಿಗೆ ಕೈ ಹಾಕಿದಾಗ ಇವನೂ ಅದನ್ನೇ ಹೇಳಿದ.

"ನಮ್ಮಲ್ಲಿ ನಂಬಿಕೆ ಮುಖ್ಯ. ಇಬ್ಬರೂ ಲಿಂಗ ಕಟ್ಟಿದೋರು," ಎಂದ ಸಿದ್ದಮಲ್ಲಪ್ಪನವರ ಕೈ ಎದೆಯ ಮೇಲಿನ ಲಿಂಗದ ಕಡೆಗೆ ಹೋಯಿತು. ಗಂಗಾಧರಸ್ವಾಮಿಯ ಕೈಯೂ ಹೋಯಿತು. ಎರಡೂ ಕೈಗಳು ದಾರಿಯಲ್ಲಿ ಮನಸ್ಸು ಬದಲಿಸಿ ಭುಜ ಕೆರೆದುಕೊಂಡವು.

"ಕಾಗದ ಪತ್ರ ಮುಂದಿನ ವಾರ ಮಾಡಿಸೋಣ. ನಾಡಿದ್ದು ಹೆಂಗಸರು ಮಕ್ಕಳನ್ನ ಕರ್ಕೊಂಡು ಒಂದು ಕಡೆ ಹೋಗೋದಿದೆ. ಜೀಪಿನಲ್ಲಿ ಹೋದ್ರೆ ಅವರ ಸೊಂಟ ಉಳಿಯಲ್ಲ, ಅದಕ್ಕೇ ಅವಸರ," ಎಂದರು ಅವರು.

ಹೆಂಗಸರು ಎಂದೊಡನೆ ಗಂಗಾಧರಸ್ವಾಮಿಗೆ ಕಾಲುವೆ ಏರಿ ನೆನಪಾಯಿತು. ಯಾರೋ ಪಾಪದವರು ರೇಷ್ಮೆ ಸೀರೆಯಲ್ಲಿ ಬಿಸಿಲಿಗೆ ನಿಂತಿರುವುದು ಕಂಡಂತಾಯಿತು. "ದೂರ ಹೋಗ್ಬೇಕಾ?" ಎಂದು ಕೇಳಿದ.

"ಏನು ದೂರ, ಇಲ್ಲೇ."

ಇಲ್ಲೇ ಆದರೆ ಪರವಾಗಿಲ್ಲ, ಎಲ್ಲಿಗಾದರೂ ಹೋಗಲಿ, ನನ್ನ ಮಗಳ ಮದುವೆಗಿಂತ ಹೆಚ್ಚೇ ಎಂದುಕೊಂಡು ಅವನು ಜೀಪು ಹತ್ತಿದ.

ಜೀಪು ಮಿಠಾಯಿ ತಿಂದ ಮಗುವಿನ ಹಾಗೆ ಖುಷಿಯಾಗಿ ಓಡಿತು. ಗಂಗಾಧರಸ್ವಾಮಿ ಭಾನುವಾರದ ಸ್ಟೇಷನ್ನಿನ ಲೆಕ್ಕ ಹಾಕತೊಡಗಿದ. ಜೀಪಿಗೆ ಹೂವಿನ ಹಾರ ಹಾಕಿಸಬೇಕು, ಸೀಟಿಗೆ ಜಮಖಾನೆ ಹಾಸಬೇಕು. ಸುತ್ತೂರು ದಾಟಿ ಒಂದು ಗದ್ದೆ ಬಯಲಿಗೆ ಬಂದಾಗ ಬಾನೆಟ್ಟಿನಿಂದ ತನಗೆ ಚೆನ್ನಾಗಿ ಪರಿಚಯವಿದ್ದ ಸದ್ದು ಕೇಳಿಸಿತು. ಬುಸ್ಸ್.

ಆರುವ ತನಕ ಕಾದು, ಮರಿಯಯ್ಯ ಟವೆಲ್ಲು ಸುತ್ತಿ ಮುಚ್ಚಳ ತೆಗೆದ. ಬಗ್ಗಿ ನೋಡಿದವನು ಹಾಗೇ ನಿಂತ. ರೇಡಿಯೇಟರಿನ ಬಾಯಲ್ಲಿ ಬಿಳಿ ಬಿಳಿ ಚೂರುಗಳು ತೇಲುತ್ತಿದ್ದವು. ವಾಸನೆ ಗಂಗಾಧರಸ್ವಾಮಿಗೆ ಹೊಸದು.

"ಏನಯ್ಯ ಅದು?"

"ಮೊಟ್ಟೆ ಸ್ವಾಮ್ಯೋರೆ. ಚೆನ್ನಾಗ್ ಬೆಂದದೆ."

ಗಂಗಾಧರಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ದೂರ ಅದೇ ಜೀಪಿನಲ್ಲಿ ಕೂತು ಬಂದಿದ್ದರಿಂದ ಅದರಿಂದ ಏನೂ ಲಾಭವಾಗಲಿಲ್ಲ. "ವಿಭೂತಿ ಹಚ್ಚೋ ಮನುಷ್ಯ ಮೊಟ್ಟೆ ಹಾಕ್ತಾರಾ?"

"ಅವ್ರಿಗೆ ಗೊತ್ತಿರಕ್ಕಿಲ್ಲ. ಡ್ರೈವರ್ ಆಕಿರ್ತಾನೆ."

"ಈ ದರಿದ್ರ ಬುದ್ಧಿ ಅವನಿಗೆ ಯಾರು ಹೇಳ್ಕೊಟ್ರೋ?"

ಮರಿಯಯ್ಯ ಗದ್ದೆಯಲ್ಲಿದ್ದ ಕೊಕ್ಕರೆಗಳ ಕಡೆ ತಿರುಗಿದ.

"ಓದ್ ತಿಂಗ್ಳು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದ. ಜೀಪು ಕುದೀತದೆ ಅಂದ. ಏಳ್ದೆ. ವಾಸಿಯಾಗಿರ್ತದೆ ಅನ್ಕಂಡಿದ್ನಲ್ಲ ನಾನು."

ಅವನನ್ನು ಬೈಯುವ ಹಕ್ಕು ತನಗೂ ಇಲ್ಲವೆಂದು ಗಂಗಾಧರಸ್ವಾಮಿಗೆ ಅನಿಸಿತು. ತಾನು ಅವರಿಗೆ ಕೊಟ್ಟುಬಂದದ್ದಾದರೂ ಏನು? ನಾಲೆ ಕಂಡಲ್ಲೆಲ್ಲ ನಿಲ್ಲಿಸಿ, ನೀರು ಹೊತ್ತು ಹೊತ್ತು ಹೊಯ್ದು, ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಹುಲ್ಲಹಳ್ಳಿ ತಲುಪಿದರು. ಅವನ ಪಂಚೆ ಸೊಂಟದ ತನಕ ಕೆಸರಾಗಿತ್ತು.

ಮನೆಯಲ್ಲಿ ಸರ್ವಮಂಗಳಾ ನಗುತ್ತಾ ಎದುರು ಬಂದಳು. ಅವಳು ಹಾಗೆ ಎದುರು ಬಂದು ಬಹಳ ದಿನವಾಗಿತ್ತು. ಆ ಖುಷಿಯಲ್ಲಿ ರಸ್ತೆಯಲ್ಲಿದ್ದ ಜೀಪು ಅವಳ ಕಣ್ಣಿಗೆ ಬೀಳಲಿಲ್ಲ. ಹಿಂದೆ ಬಾಗಿಲಿಗೆ ಒರಗಿ ಮಧುಶ್ರೀಯೂ ನಿಂತಿದ್ದಳು.

"ರೀ, ಇನ್ನು ನಿಮ್ಮ ಗಾಡಿ ಯೋಚನೆ ಬೇಡ. ಮಂಗಳಕ್ಕ ಫೋನ್ ಮಾಡಿದ್ಲು. ಭಾನುವಾರ ಅವರು ರೈಲಲ್ಲಿ ಬರಲ್ವಂತೆ, ಸ್ಟೇಷನ್ನಿಗೆ ಹೋಗೋ ಕೆಲಸವೇ ಇಲ್ಲ."

ಗಂಗಾಧರಸ್ವಾಮಿ ಜಗಲಿಯ ಮೇಲೆ ಕೂತು ನೆಮ್ಮದಿಯಿಂದ ಉಸಿರು ಬಿಟ್ಟ. ನಂಜುಂಡೇಶ್ವರ ಕೈಬಿಡಲಿಲ್ಲ. "ಮತ್ತೆ ಹೇಗೆ ಬರ್ತಾರೆ, ಬಸ್ಸಲ್ಲಾ?"

"ಬಸ್ಸಲ್ಲಿ ಯಾಕೆ ಬರ್ತಾರೆ? ಹುಡುಗನ ಸೋದರಮಾವ ನರಸೀಪುರದಲ್ಲಿ ಆಲೆಮನೆ ಇಟ್ಟಿದಾರಂತೆ, ಸಿದ್ದಮಲ್ಲಪ್ಪ ಅಂತ. ಎಲ್ಲರೂ ನಾಳೆಯೇ ಅವರ ಮನೆಗೆ ಬಂದು, ಅಲ್ಲಿಂದ ಸೀದಾ ಕಾರಲ್ಲಿ ಬರ್ತಾರೆ. ಹೆಣ್ಣು ನೋಡಕ್ಕೆ ಹೋಗೋಕೆ ಅಂತಲೇ ಇವತ್ತು ಅವರು ಒಂದು ಒಳ್ಳೇ ಕಾರು ತಗೊಂಡರಂತೆ. ಪಾಪ, ಯಾರೋ ನಂಬಿಕಸ್ಥರು ಕೊಟ್ಟರಂತೆ."

ರಸ್ತೆಯಲ್ಲಿ ಜೀಪಿನ ಮುಚ್ಚಳ ಬಿಗಿಮಾಡುತ್ತಿದ್ದ ಮರಿಯಯ್ಯ ಅದನ್ನು ಅಲ್ಲೇ ಬಿಟ್ಟು ತನ್ನ ಮನೆಯ ಕಡೆ ನಡೆದ.

"ಮರಿಯಯ್ಯ," ಎಂದು ಕರೆದ ಗಂಗಾಧರಸ್ವಾಮಿ. ಅವನು ಜಗಲಿ ಇಳಿದು ಹಿಂದೆಯೇ ಹೋದ. "ನಮ್ಮ ಕಾರು ಎಲ್ಲೀ ತನಕ ಬರ್ಬೋದು?"

"ಭಾನುವಾರದೊತ್ಗೆ ಅಂಬ್ಲಿ ಆರಿ ಗಟ್ಟಿಯಾಗಿರ್ತದೆ ಸ್ವಾಮ್ಯೋರೆ. ದೇವ್ರು ದೊಡ್ಡೋನು, ಕಾಲ್ವೆ ಏರಿ ಗಂಟ ಬಂದಾತು. ಅಲ್ಲಿಂದೀಚ್ಗೆ ನಾವೇ ಓಗಿ ಎಳ್ಕಂಡ್ ಬರ್ಬೇಕು."

"ಯಾವುದರಲ್ಲಿ ಹೋಗಿ?"

ಮರಿಯಯ್ಯ ಜೀಪಿನ ಕಡೆ ನೋಡಿದ. ಅದರ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಧುಶ್ರೀ ಅಪ್ಪನ ಕೆಸರಿನ ಪಂಚೆಯನ್ನೂ ಜೀಪನ್ನೂ ನೋಡಿದಳು. ಕಾಲು ತೊಳೆಯಲು ಒಂದು ಬಿಂದಿಗೆ ನೀರು ತಂದಿಟ್ಟಳು. ಅಡುಗೆಮನೆಯಿಂದ ಸರ್ವಮಂಗಳಳ ದನಿ ಕೇಳಿಸಿತು.

"ಏನ್ರೀ, ರಾಗಿ ಹಿಟ್ಟಿನ ಡಬ್ಬಿ ತಳ ಕಾಣ್ತಿದೆ. ಶಾಸ್ತ್ರಕ್ಕೆ ಅಂತ ಕುಟ್ಟಿಟ್ಟಿದ್ದ ಅರಿಶಿನದ ಗಂಟೂ ಕಾಣ್ತಿಲ್ಲ. ನೀವೇನಾದ್ರೂ ನೋಡಿದ್ರಾ?"

"ನೋಡಿದೆ ಕಣೆ," ಎಂದ ಗಂಗಾಧರಸ್ವಾಮಿ. "ಎರಡನ್ನೂ ಆಗಲೇ ಗಂಡಿನ ಕಡೆಯವರಿಗೆ ಕೊಟ್ಟು ಬಂದಿದ್ದೀನಿ."